ಕೆಲಸದ ಟ್ರೈನಿಂಗ್ ಆನ್‌ಲೈನ್‌ನಲ್ಲಿ: ಬೆಂಗಳೂರಿನ ಸಣ್ಣ ಕಂಪ್ನಿಗಳು ಪದೇ ಪದೇ ಕೇಳೋ ಪ್ರಶ್ನೆಗಳು

ಪೀಣ್ಯದ ಮಷಿನ್ ಶಾಪ್, ಬೊಮ್ಮನಹಳ್ಳಿ ಗಾರ್ಮೆಂಟ್ಸ್, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಇಪ್ಪತ್ತು ಮೂವತ್ತು ಜನ ಕೂತಿರೋ ಸಾಫ್ಟ್‌ವೇರ್ ಆಫೀಸು, ಜಯನಗರದ ಡೆಂಟಲ್ ಕ್ಲಿನಿಕ್ಕು, ಎಲ್ಲೇ ಹೋದ್ರೂ ಓನರ್‌ಗಳು ಎಚ್‌ಆರ್‌ನೋರು ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ನಾನು ಇದೇ ಫೀಲ್ಡಲ್ಲಿರೋನು, ಯಾವ ಸಾಫ್ಟ್‌ವೇರಿಗೂ ಏಜೆಂಟ್ ಅಲ್ಲ, ಅದಕ್ಕೆ ಬೇಡ ಅನ್ಸಿದ್ದನ್ನ ಬೇಡ ಅಂತಾನೇ ಬರ್ದಿದೀನಿ.

ಆನ್‌ಲೈನ್ ಟ್ರೈನಿಂಗ್ ಅಂದ್ರೆ ಎಲ್ಲರನ್ನೂ ಜೂಮ್‌ನಲ್ಲಿ ಕೂರ್ಸಿ ಪಿಪಿಟಿ ತೋರ್ಸೋದು ತಾನೆ?

ಅದೂ ಒಂದು ಥರ, ಅದೊಂದೇ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಎಲ್ರೂ ಕ್ಲಾಸ್‌ರೂಮನ್ನ ಹಾಗೇ ಎತ್ತಿ ಸ್ಕ್ರೀನ್ ಮೇಲೆ ಇಟ್ರು, ಆ ಅಭ್ಯಾಸ ಇನ್ನೂ ಹೋಗಿಲ್ಲ. ಸದ್ಯಕ್ಕೆ ಮೂರು ಥರ ನಡೀತಿದೆ ಅನ್ಕೊಳ್ಳಿ. ಲೈವ್ ಸೆಷನ್ ಒಂದು. ರೆಕಾರ್ಡ್ ಮಾಡಿಟ್ಟಿರೋದನ್ನ ಅವರವರೇ ಬಿಡುವಾದಾಗ ನೋಡೋದು ಇನ್ನೊಂದು. ಮೂರನೇದು, ಕೆಲಸ ಮಾಡ್ತಾ ಮಾಡ್ತಾ ತಲೆ ಓಡದೇ ನಿಂತಾಗ ಅಲ್ಲೇ ಕೈಗೆ ಸಿಗೋ ಸಹಾಯ. ಸಣ್ಣ ಕಂಪ್ನಿಗೆ ಅತಿ ಹೆಚ್ಚು ಉಪಯೋಗ ಆಗೋದು ಈ ಮೂರನೇದು, ಆದ್ರೆ ಇದನ್ನ ಮಾರೋಕೆ ಬರೋ ಸೇಲ್ಸ್‌ನೋರು ಕಮ್ಮಿ, ಯಾಕಂದ್ರೆ ಇದ್ರಲ್ಲಿ ಲೈಸೆನ್ಸ್ ಮಾರೋ ಅಂಥದ್ದು ಏನೂ ಇಲ್ಲ.

ಉದಾಹರಣೆಗೆ ಒಂದು ಸಿಎನ್‌ಸಿ ಮಷಿನ್ ತಗೊಳ್ಳಿ, ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸೋದು. ಇನ್ಸರ್ಟ್, ಅಂದ್ರೆ ಕತ್ತರಿಸೋ ತುದಿ, ಸವೆದು ಹೊಸದು ಹಾಕಿದ ಮೇಲೆ ಆಫ್‌ಸೆಟ್, ಅಂದ್ರೆ ಟೂಲ್ ಎಲ್ಲಿದೆ ಅನ್ನೋ ಅಳತೆ, ಸರಿ ಮಾಡ್ಬೇಕು, ಫಸ್ಟ್ ಪೀಸ್ ಮಾಡಿ ಮೈಕ್ರೋಮೀಟರ್ ಹಿಡಿದು ನೋಡ್ಬೇಕು, ಆಮೇಲೆ ಮಾತ್ರ ಲಾಟ್ ಓಡಿಸ್ಬೇಕು. ಹೊಸ ಹುಡುಗ ಎಡವೋದು ಇಲ್ಲೇ, ಅದೂ ನೈಟ್ ಶಿಫ್ಟಲ್ಲಿ, ಕೇಳೋಣ ಅಂದ್ರೆ ಪಕ್ಕದಲ್ಲಿ ಯಾರೂ ಇರಲ್ಲ. ಇದಕ್ಕೆ ಎರಡು ಗಂಟೆ ಜೂಮ್ ಕ್ಲಾಸ್ ಮಾಡಿ ಏನು ಬಂತು? ಅಲ್ಲೇ ಹಳೇ ಆಪರೇಟರ್ ಒಬ್ರು ಕೈಯಾರೆ ಮಾಡೋದನ್ನ ಮೊಬೈಲಲ್ಲಿ ಒಂದೂವರೆ ನಿಮಿಷ ಶೂಟ್ ಮಾಡಿ, ಕ್ಯೂಆರ್ ಕೋಡ್ ಪ್ರಿಂಟ್ ತೆಗೆದು ಮಷಿನ್‌ಗೆ ಅಂಟಿಸಿ. ಬರೀ ಕಾಗದದ ಸ್ಟಿಕ್ಕರ್ ಹಾಕ್ಬೇಡಿ, ಕೂಲಂಟ್ ಬಿದ್ದು ವಾರದೊಳಗೆ ಸ್ಕ್ಯಾನ್ ಆಗದ ಹಾಗೆ ಆಗತ್ತೆ. ಲ್ಯಾಮಿನೇಟ್ ಮಾಡ್ಸಿ ಕಂಟ್ರೋಲ್ ಪ್ಯಾನೆಲ್ ಪಕ್ಕದಲ್ಲಿ, ಬಾಗಿಲ ಕಡೆಗಲ್ಲದೆ, ಹಚ್ಚಿ. ಫ್ಲೋರ್ ಒಳಗೆ ಫೋನ್ ತರೋ ಹಾಗಿಲ್ಲ ಅನ್ನೋ ರೂಲ್ ಇದ್ರೆ ಸೂಪರ್‌ವೈಸರ್ ಟೇಬಲ್ ಮೇಲೆ ಒಂದು ಹಳೇ ಟ್ಯಾಬ್ ಇಟ್ರೂ ಸಾಕು.

ಲೈವ್ ಸೆಷನ್ ಮಾಡೋದಾದ್ರೆ ಫ್ರೀ ಅಕೌಂಟ್ ಸಾಕಾ?

ಜೂಮ್ ಫ್ರೀ ಪ್ಲಾನ್‌ನಲ್ಲಿ 40 ನಿಮಿಷಕ್ಕೆ ಮೀಟಿಂಗ್ ಮುಗಿಯತ್ತೆ, ಗೂಗಲ್ ಮೀಟ್‌ನಲ್ಲಿ ಮೂರು ಜನ ಅಥವಾ ಅದಕ್ಕಿಂತ ಹೆಚ್ಚಿದ್ರೆ 60 ನಿಮಿಷ. ನನ್ನ ಕೇಳಿದ್ರೆ 40 ನಿಮಿಷಕ್ಕೆ ಕಟ್ ಆಗೋದು ಒಳ್ಳೇದೇ, ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಕೇಳಿಸ್ಕೊಳ್ತಿರಲ್ಲ.

ನಮ್ಮದು ನಲವತ್ತು ಜನರ ಕಂಪ್ನಿ. ಎಲ್‌ಎಂಎಸ್ ತಗೊಳ್ಳಲೇಬೇಕಾ?

ಈಗಲೇ ಬೇಡ. ಎಲ್‌ಎಂಎಸ್ ಅಂದ್ರೆ ಯಾರು ಯಾವ ಕೋರ್ಸ್ ಮಾಡಿದ್ರು, ಎಷ್ಟು ಮಾರ್ಕ್ಸ್ ಬಂತು, ಯಾರು ಬಾಕಿ, ಇದನ್ನೆಲ್ಲ ಲೆಕ್ಕ ಇಡೋ ಸಾಫ್ಟ್‌ವೇರು. ಅದು ಕಲಿಸಲ್ಲ, ಲೆಕ್ಕ ಇಡತ್ತೆ. ನಲವತ್ತು ಜನರ ಲೆಕ್ಕ ಒಂದು ಗೂಗಲ್ ಶೀಟ್‌ನಲ್ಲಿ ಆರಾಮಾಗಿ ಕೂರತ್ತೆ, ಪರೀಕ್ಷೆಗೆ ಗೂಗಲ್ ಫಾರ್ಮ್‌ನಲ್ಲಿ ಕ್ವಿಜ್ ಆಪ್ಷನ್ ಆನ್ ಮಾಡಿದ್ರೆ ಮಾರ್ಕ್ಸ್ ತಾನೇ ಬರತ್ತೆ, ವಿಡಿಯೋ ಡ್ರೈವ್‌ನಲ್ಲಿ ಇಡಿ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಅಂತ ಹಾಕಿದ್ರೆ ಯಾರಿಗೂ ಕಾಣಲ್ಲ ಅಂತ ಸುಮಾರು ಜನ ನಂಬಿರ್ತಾರೆ, ಹಾಗೇನಿಲ್ಲ, ಲಿಂಕ್ ಸಿಕ್ಕ ಯಾರು ಬೇಕಾದ್ರೂ ನೋಡಬಹುದು, ಆದ್ರಿಂದ ಕ್ಲೈಂಟ್ ಡ್ರಾಯಿಂಗು ರೇಟು ಕಾಣೋ ವಿಡಿಯೋನ ಅಲ್ಲಿ ಹಾಕ್ಬೇಡಿ.

ಜನ ಇನ್ನೂರು ದಾಟಿದಾಗ, ಅಥವಾ ಎರಡು ಮೂರು ಬ್ರಾಂಚ್ ಆದಾಗ, ಅಥವಾ ದೊಡ್ಡ ಕಸ್ಟಮರ್ ಪ್ರತಿ ಆರು ತಿಂಗಳಿಗೆ ರೆಕಾರ್ಡ್ ಕೇಳೋಕೆ ಶುರು ಮಾಡಿದಾಗ ಎಲ್‌ಎಂಎಸ್ ಯೋಚ್ನೆ ಮಾಡಿ. ಐಎಸ್‌ಒ 9001 (ಗುಣಮಟ್ಟದ ಸ್ಟ್ಯಾಂಡರ್ಡ್) ಆಡಿಟ್‌ಗೆ ಎಲ್‌ಎಂಎಸ್ ಬೇಕೇ ಬೇಕು ಅಂತ ಯಾರಾದ್ರೂ ಹೆದರಿಸಿದ್ರೆ ಸ್ಟ್ಯಾಂಡರ್ಡ್ ತೆಗೆದು 7.2ನೇ ಕ್ಲಾಜ್ ಓದಿ. ಜನರಿಗೆ ಕೆಲಸದ ಸಾಮರ್ಥ್ಯ ಇರ್ಬೇಕು, ಇಲ್ಲದಿದ್ರೆ ಬರೋ ಹಾಗೆ ಏನಾದ್ರೂ ಮಾಡ್ಬೇಕು, ಮಾಡಿದ್ದು ಪರಿಣಾಮ ಆಯ್ತಾ ನೋಡ್ಬೇಕು, ದಾಖಲೆ ಇಡ್ಬೇಕು, ಅಷ್ಟೇ ಕೇಳೋದು. ಯಾವ ಸಾಫ್ಟ್‌ವೇರ್ ಅಂತ ಕೇಳಲ್ಲ. ಪರಿಣಾಮ ಆಯ್ತಾ ಅನ್ನೋ ಭಾಗನ ಮಾತ್ರ ಮುಕ್ಕಾಲು ಪಾಲು ಕಂಪ್ನಿಗಳು ಹಾರಿಸ್ಬಿಡ್ತವೆ, ಫೈಲಲ್ಲಿ ಅಟೆಂಡೆನ್ಸ್ ಶೀಟ್ ಮತ್ತೆ ಸರ್ಟಿಫಿಕೇಟ್ ಇರತ್ತೆ, ಕೆಲಸ ಹಳೇ ಥರಾನೇ ನಡೀತಿರತ್ತೆ.

ಮೂಡಲ್ ಅನ್ನೋ ಎಲ್‌ಎಂಎಸ್ ಪೂರ್ತಿ ಫ್ರೀ ಅಂತಾರೆ, ನಿಜಾನಾ?

ಸಾಫ್ಟ್‌ವೇರ್ ಫ್ರೀ, ಓಪನ್ ಸೋರ್ಸು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು, 2002ರಲ್ಲಿ ಮೊದಲ ವರ್ಷನ್ ಬಂತು, ಇವತ್ತಿಗೂ ಪ್ರಪಂಚದಾದ್ಯಂತ ಕಾಲೇಜುಗಳಲ್ಲಿ ಓಡ್ತಿದೆ. ಖರ್ಚು ಬರೋದು ಸರ್ವರ್‌ಗೆ ಮತ್ತೆ ಅದನ್ನ ನೋಡ್ಕೊಳ್ಳೋ ಮನುಷ್ಯನಿಗೆ. ನೋಡ್ಕೊಳ್ಳೋರು ಯಾರೂ ಇಲ್ಲದೇ ಮೂಡಲ್ ಹಾಕ್ಸಿದ್ರೆ ಅದು ಪಾಳು ಬೀಳತ್ತೆ.

ಹಾಕಿಸೋದೇ ಆದ್ರೆ ಎರಡು ವಿಷಯ ಸೆಟಪ್ ಮಾಡೋ ಹುಡುಗನ ಹತ್ರ ಕೇಳಿ. ಒಂದು, ಕ್ರಾನ್ ಹಾಕಿದೀಯಾ ಅಂತ. ಹಿಂದೆ ಆಗೋ ಕೆಲಸಗಳನ್ನ ಪ್ರತಿ ನಿಮಿಷಕ್ಕೊಂದ್ಸಲ ಓಡ್ಸೋದು ಅದು, ಅದನ್ನ ಮರೆತ್ರೆ ನೋಟಿಫಿಕೇಷನ್ ಮೇಲ್ ಹೋಗಲ್ಲ, ಕೋರ್ಸ್ ಮುಗಿಸಿದ್ರೂ ಮುಗಿದಿದೆ ಅಂತ ತೋರ್ಸೋದು ತಡ ಆಗತ್ತೆ, ನೀವು ಮೂಡಲ್ ಸರಿ ಇಲ್ಲ ಅಂತ ಬೈಕೊಂಡು ಕೂತಿರ್ತೀರ. ಇನ್ನೊಂದು ಬ್ಯಾಕಪ್. ಡೇಟಾಬೇಸ್ ಒಂದನ್ನೇ ಕಾಪಿ ತೆಗೆದಿಟ್ರೆ ಸಾಲಲ್ಲ, ಮೂಡಲ್‌ಡೇಟಾ ಅಂತ ಬೇರೆ ಫೋಲ್ಡರ್ ಇರತ್ತೆ, ನೀವು ಅಪ್‌ಲೋಡ್ ಮಾಡಿದ ಫೈಲೆಲ್ಲಾ ಅದ್ರಲ್ಲೇ ಇರೋದು, ಎರಡೂ ಬೇಕು. ಕನ್ನಡ ಭಾಷೆ ಪ್ಯಾಕ್ ಇದೆ, ಆದ್ರೆ ಅಲ್ಲಲ್ಲಿ ಇಂಗ್ಲಿಷ್ ಇಣುಕತ್ತೆ. ಮೊಬೈಲ್ ಆ್ಯಪ್‌ನಲ್ಲಿ ಕೋರ್ಸ್ ಡೌನ್‌ಲೋಡ್ ಮಾಡಿಟ್ಕೊಂಡು ನೆಟ್ ಇಲ್ಲದೇ ನೋಡಬಹುದು, ಬೇಸ್‌ಮೆಂಟ್‌ನಲ್ಲಿ ಕೆಲಸ ಮಾಡೋರಿಗೆ ಇದು ದೊಡ್ಡ ಅನುಕೂಲ. ಜೊತೆಗೆ ಎಚ್‌5ಪಿ ಇದೆ, ನಾರ್ವೇಯವರು ಮಾಡಿದ್ದು, ಅದೂ ಫ್ರೀನೇ. ವಿಡಿಯೋ ಮಧ್ಯೆ ನಿಲ್ಸಿ ಪ್ರಶ್ನೆ ಕೇಳೋದನ್ನ ಅದ್ರಲ್ಲಿ ಯಾರು ಬೇಕಾದ್ರೂ ಒಂದು ಮಧ್ಯಾಹ್ನ ಕೂತು ಕಲೀಬಹುದು.

ವೆಂಡರ್ ಬಂದು ಸ್ಕಾರ್ಮ್ ಸ್ಕಾರ್ಮ್ ಅಂತಾನೆ. ಏನದು?

ಕೋರ್ಸನ್ನ ಒಂದು ಜಿಪ್ ಫೈಲ್ ಮಾಡಿ ಕೊಟ್ರೆ ಯಾವ ಎಲ್‌ಎಂಎಸ್‌ನಲ್ಲಿ ಹಾಕಿದ್ರೂ ಓಡ್ಬೇಕು, ಮಾರ್ಕ್ಸು ಮುಗಿಸಿದ್ರಾ ಇಲ್ವಾ ಅನ್ನೋದನ್ನ ಎಲ್‌ಎಂಎಸ್‌ಗೆ ಹೇಳ್ಬೇಕು, ಅದಕ್ಕೆ ಮಾಡ್ಕೊಂಡಿರೋ ಒಪ್ಪಂದ ಇದು. ಅಮೆರಿಕದ ರಕ್ಷಣಾ ಇಲಾಖೆ ಶುರು ಮಾಡಿದ ಎಡಿಎಲ್ ಅನ್ನೋ ಯೋಜನೆಯಿಂದ ಬಂದದ್ದು. 1.2 ಅನ್ನೋ ವರ್ಷನ್ 2001ರದ್ದು, ಇಷ್ಟು ವರ್ಷ ಆದ್ರೂ ಮಾರ್ಕೆಟ್‌ನಲ್ಲಿ ಅದೇ ಓಡ್ತಿದೆ ಅಂದ್ರೆ ನಂಬ್ತೀರಾ. 2013ರಲ್ಲಿ ಎಕ್ಸ್‌ಎಪಿಐ ಅಂತ ಹೊಸದು ಬಂತು, ಅದು ಎಲ್‌ಎಂಎಸ್ ಹೊರಗಡೆ ನಡೆಯೋ ಕಲಿಕೆಯನ್ನೂ ದಾಖಲು ಮಾಡತ್ತೆ, ಒಳ್ಳೇದೇ, ಆದ್ರೆ ಸಣ್ಣ ಕಂಪ್ನಿಗೆ ಅದರ ತಲೆನೋವು ಈಗ ಬೇಡ.

ಇಲ್ಲೊಂದು ಕಡೆ ಎಲ್ರೂ ಸಿಕ್ಕಿ ಹಾಕ್ಕೊಳ್ತಾರೆ. ಉದ್ದದ ಕೋರ್ಸ್, ಅರ್ಧ ನೋಡಿ ಬಿಟ್ಟಿರ್ತೀರ, ಮರುದಿನ ತೆಗೆದ್ರೆ ಮತ್ತೆ ಮೊದಲಿಂದ ಶುರು ಆಗತ್ತೆ, ಕೋರ್ಸ್ ಮಾಡಿದೋರು ಎಲ್‌ಎಂಎಸ್ ಮೇಲೆ ಹಾಕ್ತಾರೆ, ಎಲ್‌ಎಂಎಸ್‌ನೋರು ಕೋರ್ಸ್ ಮೇಲೆ ಹಾಕ್ತಾರೆ, ಮಧ್ಯೆ ಎಚ್‌ಆರ್ ಮೇಡಂ ದಿನಾ ಬೈಗುಳ ತಿಂತಾರೆ. ಸುಮಾರು ಸಲ ಕಾರಣ ಇಷ್ಟೇ: 1.2ರಲ್ಲಿ ನೀವು ಎಲ್ಲಿ ಬಿಟ್ರಿ ಅಂತ ನೆನಪಿಟ್ಕೊಳ್ಳೋ ಜಾಗಕ್ಕೆ 4096 ಅಕ್ಷರದ ಮಿತಿ. ಸ್ಲೈಡು ಕ್ವಿಜ್ಜು ಜಾಸ್ತಿ ಆದ್ರೆ ಅದು ತುಂಬಿ ಹೋಗತ್ತೆ. ಕೋರ್ಸನ್ನ ಮೂರು ನಾಲ್ಕು ತುಂಡು ಮಾಡಿ ಅನ್ನಿ, ಇಲ್ಲ ಸ್ಕಾರ್ಮ್ 2004ರ ನಾಲ್ಕನೇ ಎಡಿಷನ್‌ನಲ್ಲಿ ಕೊಡಿ ಅನ್ನಿ, ಅದ್ರಲ್ಲಿ ಮಿತಿ 64,000. ದುಡ್ಡು ಕೊಡೋ ಮುಂಚೆ ವೆಂಡರ್ ಕೊಟ್ಟ ಜಿಪ್ಪನ್ನ ಸ್ಕಾರ್ಮ್ ಕ್ಲೌಡ್ ಅನ್ನೋ ಟೆಸ್ಟ್ ಮಾಡೋ ಸೈಟ್‌ನಲ್ಲಿ ಹಾಕಿ ಓಡ್ಸಿ ನೋಡಿ, ಅಲ್ಲಿ ಸರಿಯಾಗಿ ಓಡಿ ನಿಮ್ಮಲ್ಲಿ ಓಡ್ಲಿಲ್ಲ ಅಂದ್ರೆ ತಪ್ಪು ಯಾರ್ದು ಅಂತ ಜಗಳ ಬೇಗ ಮುಗಿಯತ್ತೆ. ಹಾಗೇ ಅಗ್ರಿಮೆಂಟಲ್ಲಿ ಒಂದು ಸಾಲು ಸೇರ್ಸಿ, ಸ್ಟೋರಿಲೈನ್ ಆಗ್ಲಿ ಕ್ಯಾಪ್ಟಿವೇಟ್ ಆಗ್ಲಿ, ಕೋರ್ಸ್ ಮಾಡೋ ಯಾವ ಸಾಫ್ಟ್‌ವೇರಲ್ಲಿ ಮಾಡಿದ್ರೋ ಅದರ ಮೂಲ ಫೈಲ್ ನಮಗೆ ಕೊಡ್ಬೇಕು ಅಂತ. ಬರೀ ಜಿಪ್ ಇದ್ರೆ ಮುಂದಿನ ವರ್ಷ ಒಂದು ಫೋನ್ ನಂಬರ್ ಬದಲಾಯಿಸೋಕೂ ಅವರ ಹತ್ರಾನೇ ಹೋಗ್ಬೇಕು.

ವಿಡಿಯೋ ಎಷ್ಟು ಉದ್ದ ಇರ್ಬೇಕು? ಈಗೆಲ್ಲಾ ಮೈಕ್ರೋಲರ್ನಿಂಗ್, ಅಂದ್ರೆ ಚಿಕ್ಕ ಚಿಕ್ಕ ಪಾಠ ಅಂತಾರಲ್ಲ?

2014ರಲ್ಲಿ ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ಸೈಟಿನ ವಿಡಿಯೋ ಜನ ಹೇಗೆ ನೋಡ್ತಾರೆ ಅಂತ ಒಂದು ಅಧ್ಯಯನ ಬಂತು, ಆರು ನಿಮಿಷ ದಾಟಿದ ಮೇಲೆ ನೋಡೋರು ಕಳಚ್ಕೊಳ್ತಾರೆ ಅಂತ ಅದ್ರಲ್ಲಿ ಸಿಕ್ತು. ಅಲ್ಲಿಂದ ಆರು ನಿಮಿಷ ಅನ್ನೋದು ಎಲ್ರ ಬಾಯಲ್ಲಿ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ, ಅದನ್ನ ಯಾರೂ ಹೇಳಲ್ಲ: ದುಬಾರಿ ಸ್ಟುಡಿಯೋದಲ್ಲಿ ತೆಗೆದದ್ದಕ್ಕಿಂತ ಟೀಚರ್ ತಮ್ಮ ಟೇಬಲ್ ಹತ್ರ ಕೂತು ಸಹಜವಾಗಿ ಮಾತಾಡಿದ್ದನ್ನೇ ಜನ ಹೆಚ್ಚು ಹೊತ್ತು ನೋಡಿದ್ರು. ಅಂದ್ರೆ ನಿಮ್ಮ ಫೋನ್ ಸಾಕು.

ಹಾಗಂತ ಒಂದು ಗಂಟೆ ರೆಕಾರ್ಡಿಂಗನ್ನ ಹತ್ತು ತುಂಡು ಕತ್ತರಿಸಿ ಮೈಕ್ರೋಲರ್ನಿಂಗ್ ಅಂತ ಹೆಸರಿಟ್ರೆ ಆಗಲ್ಲ. ಒಂದು ವಿಡಿಯೋಗೆ ಒಂದೇ ಕೆಲಸ. ಜಿಎಸ್‌ಟಿ ಇನ್‌ವಾಯ್ಸ್ ಹಾಕೋದು ಒಂದು, ಹಾಕಿದ್ದು ತಪ್ಪಾದ್ರೆ ಕ್ರೆಡಿಟ್ ನೋಟ್ ಮಾಡೋದು ಇನ್ನೊಂದು. ಸ್ಲೈಡ್ ಮೇಲಿರೋ ಸಾಲನ್ನೇ ಅಕ್ಷರ ಬಿಡದೆ ಓದೋದನ್ನ ದಯವಿಟ್ಟು ಬಿಡಿ. ಕಣ್ಣು ಓದ್ತಿರತ್ತೆ, ಕಿವಿ ಅದನ್ನೇ ಕೇಳ್ತಿರತ್ತೆ, ಎರಡೂ ಒಂದಕ್ಕೊಂದು ಅಡ್ಡ. ರಿಚರ್ಡ್ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಪ್ರಯೋಗ ಮಾಡಿ ತೋರ್ಸಿದಾರೆ. ಚಿತ್ರ ತೋರ್ಸಿ ಮಾತಾಡಿ, ಇಲ್ಲ ಬರೆದಿದ್ದನ್ನ ಓದೋಕೆ ಬಿಟ್ಟು ಸುಮ್ಮನಿರಿ.

ರೆಕಾರ್ಡ್ ಮಾಡೋಕೆ ಏನೇನು ಬೇಕು? ನಮ್ಮ ಆಫೀಸ್ ಮುಂದೆ ಯಾವಾಗ್ಲೂ ರೋಡ್ ಅಗೀತಿರ್ತಾರೆ.

ಯಾರ ಆಫೀಸ್ ಮುಂದೆ ಅಗೀತಿಲ್ಲ ಹೇಳಿ! ಕ್ಯಾಮೆರಾಗೆ ದುಡ್ಡು ಹಾಕ್ಬೇಡಿ, ಮೈಕ್‌ಗೆ ಹಾಕಿ. ಚಿತ್ರ ಸ್ವಲ್ಪ ಮಸುಕಾಗಿದ್ರೂ ಜನ ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಹತ್ತು ಸೆಕೆಂಡ್‌ಗೆ ಮುಚ್ತಾರೆ. ಕಾಲರ್‌ಗೆ ಸಿಕ್ಕಿಸೋ ಮೈಕ್ ಎಸ್‌ಪಿ ರೋಡಲ್ಲೂ ಸಿಗತ್ತೆ, ಆನ್‌ಲೈನಲ್ಲೂ ಸಿಗತ್ತೆ. ಗಾಜಿನ ಗೋಡೆಯ ಕಾನ್ಫರೆನ್ಸ್ ರೂಮ್‌ಗಿಂತ ಬಟ್ಟೆ, ಫೈಲು, ರಟ್ಟಿನ ಬಾಕ್ಸ್ ತುಂಬಿರೋ ಸ್ಟೋರ್ ರೂಮ್ ಎಷ್ಟೋ ವಾಸಿ, ಅಲ್ಲಿ ದನಿ ಗುಂಯ್‌ಗುಡಲ್ಲ. ಫ್ಯಾನ್ ಆಫ್ ಮಾಡಿ, ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಸ್ಕ್ರೀನ್ ರೆಕಾರ್ಡ್‌ಗೆ ಒಬಿಎಸ್ ಸ್ಟುಡಿಯೋ ಫ್ರೀ, ಸೌಂಡ್ ಕ್ಲೀನ್ ಮಾಡೋಕೆ ಆಡಾಸಿಟಿ ಫ್ರೀ, ವಿಂಡೋಸ್ 11ರಲ್ಲಿ ಕ್ಲಿಪ್‌ಚಾಂಪ್ ಜೊತೆಯಲ್ಲೇ ಬರತ್ತೆ, ಫೈಲ್ ಸೈಜ್ ಇಳಿಸೋಕೆ ಹ್ಯಾಂಡ್‌ಬ್ರೇಕ್. ಸ್ಕ್ರೀನ್ ರೆಕಾರ್ಡ್ ಮಾಡೋ ಮುಂಚೆ ವಾಟ್ಸಾಪ್ ವೆಬ್ ಮುಚ್ಚಿ, ನೋಟಿಫಿಕೇಷನ್ ಆಫ್ ಮಾಡಿ. ಸ್ಯಾಲರಿ ಬಗ್ಗೆ ಓನರ್ ಕಳಿಸಿದ ಮೆಸೇಜ್ ಟ್ರೈನಿಂಗ್ ವಿಡಿಯೋ ಮೂಲೆಯಲ್ಲಿ ಪಾಪ್ ಆದ್ರೆ, ಆ ಒಂದು ಭಾಗನ ಮಾತ್ರ ಎಲ್ರೂ ಪೂರ್ತಿ ನೋಡಿರ್ತಾರೆ.

ಕನ್ನಡದಲ್ಲಿ ಮಾಡ್ಬೇಕಾ? ನಮ್ಮಲ್ಲಿ ಒಡಿಶಾ ಬಿಹಾರದ ಹುಡುಗ್ರೂ ಇದಾರೆ.

ಸೇಫ್ಟಿ ವಿಷಯ ಯಾರಿಗೆ ಯಾವ ಭಾಷೆ ತಲೆಗೆ ಹೋಗತ್ತೋ ಆ ಭಾಷೆಯಲ್ಲೇ ಆಗ್ಬೇಕು, ಇದ್ರಲ್ಲಿ ಚೌಕಾಶಿ ಬೇಡ. ಒಂದೇ ವಿಡಿಯೋಗೆ ಕನ್ನಡ, ಹಿಂದಿ ಎರಡು ಆಡಿಯೋ ಮಾಡಿ, ಚಿತ್ರ ಅದೇ ಇರ್ಲಿ. ತೋರ್ಸಿದ್ರೇ ಅರ್ಥ ಆಗೋ ಹಾಗೆ ಶೂಟ್ ಮಾಡಿದ್ರೆ ಮಾತೇ ಕಮ್ಮಿ ಬೇಕಾಗತ್ತೆ.

ಕನ್ನಡದ್ದಕ್ಕೆ ಫ್ಲೋರ್‌ನಲ್ಲಿ ಜನ ಆಡೋ ಮಾತೇ ಹಾಕಿ. ಎಮರ್ಜೆನ್ಸಿ ಸ್ಟಾಪ್ ಬಟನ್ ಅಂತಾನೇ ಹೇಳಿ, ತುರ್ತು ನಿಲುಗಡೆ ಗುಂಡಿ ಅಂದ್ರೆ ಹುಡುಗರು ಒಬ್ಬರ ಮುಖ ಒಬ್ರು ನೋಡ್ತಾರೆ. ವಾಯ್ಸ್ ಕೊಡೋಕೆ ಹೊರಗಿಂದ ಆರ್ಟಿಸ್ಟ್ ಯಾಕೆ, ಲೈನ್ ಸೂಪರ್‌ವೈಸರ್ ಅಕ್ಕ ಇರ್ತಾರಲ್ಲ, ಅವರ ಕೈಲೇ ಹೇಳ್ಸಿ. ಗೊತ್ತಿರೋ ದನಿ ಅಂದ್ರೆ ಕೇಳ್ತಾರೆ.

ನಮ್ಮ ಹಳೇ ಕನ್ನಡ ಫೈಲ್ ಎಲ್‌ಎಂಎಸ್‌ಗೆ ಹಾಕಿದ್ರೆ ಏನೋ ಗೀಚಿದ ಹಾಗೆ ಕಾಣತ್ತೆ.

ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿರ್ತಾರೆ, ಅದಕ್ಕೆ. ಅವು ಯೂನಿಕೋಡ್ (ಎಲ್ಲಾ ಕಂಪ್ಯೂಟರ್‌ಗೂ ಗೊತ್ತಿರೋ ಅಕ್ಷರದ ಕೋಡ್) ಅಲ್ಲ, ಕಂಪ್ಯೂಟರ್‌ಗೆ ಅದು ಸೊಟ್ಟ ಚುಕ್ಕೆ ಹಾಕಿರೋ ಇಂಗ್ಲಿಷ್ ಅಕ್ಷರ ಅಷ್ಟೇ, ಫಾಂಟ್ ಇರೋ ಕಡೆ ಮಾತ್ರ ಕನ್ನಡ ಕಾಣತ್ತೆ. ಬರಹ ಅನ್ನೋ ಸಾಫ್ಟ್‌ವೇರಿನ ಹಳೇ ಫೈಲ್‌ಗಳೂ ಹಾಗೇ. ಯೂನಿಕೋಡ್‌ಗೆ ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗಿ ಸಿಗ್ತವೆ, ಪೇಸ್ಟ್ ಮಾಡಿ ತೆಗೀರಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿ ಇರೋ ಕಡೆ ಒಂದ್ಸಲ ಕಣ್ಣಾಡಿಸಿ, ತಪ್ಪಾಗೋದು ಅಲ್ಲೇ. ಇನ್ಮುಂದೆ ಹೊಸದಾಗಿ ಟೈಪ್ ಮಾಡೋದೆಲ್ಲಾ ಯೂನಿಕೋಡ್‌ನಲ್ಲೇ ಇರ್ಲಿ, ನೋಟೋ ಸಾನ್ಸ್ ಕನ್ನಡ ಥರದ ಫಾಂಟ್ ಎಲ್ಲಾ ಫೋನಲ್ಲೂ ಚೆನ್ನಾಗಿ ಕಾಣತ್ತೆ. ಪೋಸ್ಟರ್ ಮಾಡೋ ಹುಡುಗ ಹಳೇ ವರ್ಷನ್ ಫೋಟೋಶಾಪ್‌ನಲ್ಲಿ ಕನ್ನಡ ಒಡೆದು ಹೋಗತ್ತೆ ಅಂದ್ರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆನ್ ಮಾಡು ಅನ್ನಿ.

ಎಐ ಬಂದಿದೆಯಲ್ಲ, ಕೋರ್ಸ್ ಅದೇ ಮಾಡ್ಕೊಡತ್ತಂತೆ?

ಮಾಡ್ಕೊಡತ್ತೆ, ಅದೇ ತೊಂದ್ರೆ. ಫೈರ್ ಸೇಫ್ಟಿ ಬಗ್ಗೆ ಇಪ್ಪತ್ತು ಸ್ಲೈಡ್ ಕೊಡು ಅಂದ್ರೆ ಚಾಟ್‌ಜಿಪಿಟಿ ಒಂದು ನಿಮಿಷದಲ್ಲಿ ಕೊಡತ್ತೆ, ನಿಮ್ಮ ಬಿಲ್ಡಿಂಗ್‌ನ ಹಿಂದಿನ ಮೆಟ್ಟಿಲ ಮೇಲೆ ಪ್ಯಾಕಿಂಗ್ ಡಬ್ಬ ಜೋಡಿಸಿಟ್ಟಿದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ನಿಮ್ಮ ಜಾಗದ ವಿಷಯ ನೀವೇ ಹೇಳ್ಬೇಕು.

ಎಐಗೆ ಕೊಡಬಹುದಾದ ಕೆಲಸ ಬೇರೆ ಇವೆ. ಹಿರಿಯ ಟೆಕ್ನೀಷಿಯನ್ ಜೊತೆ ಅರ್ಧ ಗಂಟೆ ಮಾತಾಡಿ ರೆಕಾರ್ಡ್ ಮಾಡ್ಕೊಂಡು ಅದನ್ನ ಅಕ್ಷರಕ್ಕಿಳಿಸಿ, ಹೆಜ್ಜೆ ಹೆಜ್ಜೆಯಾಗಿ ಚೆಕ್‌ಲಿಸ್ಟ್ ಮಾಡ್ಸೋದು, ಇದು ನಿಜಕ್ಕೂ ಟೈಮ್ ಉಳಿಸತ್ತೆ. ಅವರ ಹತ್ರ ಬರೀರಿ ಅಂದ್ರೆ ಯಾವತ್ತೂ ಬರೆಯಲ್ಲ, ಮಾತಾಡಿ ಅಂದ್ರೆ ಖುಷಿಯಿಂದ ಮಾತಾಡ್ತಾರೆ. ಪ್ರಶ್ನೆಗಳ ಮೊದಲ ಡ್ರಾಫ್ಟು, ಸಬ್‌ಟೈಟಲ್ಲು, ಇಂಗ್ಲಿಷ್ ಮ್ಯಾನ್ಯುಯಲ್‌ನ ಕನ್ನಡ ಕಚ್ಚಾ ಅನುವಾದ ಕೂಡ ಆಗತ್ತೆ. ಭಾಷೆಗೆ ಕೇಂದ್ರ ಸರ್ಕಾರದ ಅನುವಾದದ ಸಾಧನ ಭಾಷಿಣಿ ಇದೆ, ನಮ್ಮ ಬೆಂಗಳೂರಿನದೇ ಆದ ಸರ್ವಂ ಎಐ ಇದೆ, ಎರಡರಲ್ಲೂ ಕನ್ನಡ ಸಿಗತ್ತೆ. ಕನ್ನಡ ದನಿ ಮಾಡ್ಸಿದ್ರೆ ಅಂಕಿ, ಪಾರ್ಟ್ ನಂಬರ್, ಶಾರ್ಟ್ ಫಾರ್ಮ್‌ಗಳನ್ನ ಹೇಗೆ ಓದತ್ತೆ ಅಂತ ಪೂರ್ತಿ ಕೇಳಿ ನೋಡಿ. ಸಿಂಥೀಸಿಯಾ, ಹೇಜೆನ್ ಥರ ಮಾತಾಡೋ ಬೊಂಬೆ ಮಾಡೋ ಸಾಧನಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಹೊರದೇಶದ ಆಫೀಸ್‌ಗೂ ಸೇರಿ ಹತ್ತು ಭಾಷೆಯಲ್ಲಿ ಮಾಡ್ಬೇಕಾದ ದೊಡ್ಡ ಕಂಪ್ನಿಗೆ ಸರಿ.

ಕಸ್ಟಮರ್ ಪಟ್ಟಿ, ಆಧಾರ್, ಸ್ಯಾಲರಿ, ಹೊರಗೆ ಬಿಡಲ್ಲ ಅಂತ ಒಪ್ಪಂದ (ಎನ್‌ಡಿಎ) ಇರೋ ಡ್ರಾಯಿಂಗ್ ಇವನ್ನ ಫ್ರೀ ಎಐ ಅಕೌಂಟ್‌ಗೆ ಹಾಕ್ಬೇಡಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಪಾಸಾಗಿದೆ, ಸಣ್ಣ ಕಂಪ್ನಿ ನಮಗೇನು ಅಂತ ಕೂರೋ ಹಾಗಿಲ್ಲ.

ಕ್ವಿಜ್ ಇಟ್ರೆ ಉತ್ತರ ವಾಟ್ಸಾಪ್ ಗ್ರೂಪ್‌ಗೆ ಬಂದ್ಬಿಡತ್ತೆ. ಏನ್ ಮಾಡೋದು?

ಬಂದೇ ಬರತ್ತೆ. ಕ್ವೆಶ್ಚನ್ ಬ್ಯಾಂಕ್ ಮಾಡಿ ಒಬ್ಬೊಬ್ರಿಗೆ ಬೇರೆ ಬೇರೆ ಬರೋ ಹಾಗೆ ಮಾಡಬಹುದು, ಮೂಡಲ್‌ನಲ್ಲಿ ಆ ಅನುಕೂಲ ಇದೆ. ಆದ್ರೆ ಮೊದಲು ಪ್ರಶ್ನೆ ನೋಡಿ. "ಕಂಪನಿಯ ಗುಣಮಟ್ಟ ನೀತಿಯಲ್ಲಿ ಎಷ್ಟು ಅಂಶಗಳಿವೆ" ಅಂತ ಕೇಳಿದ್ರೆ ಕಾಪಿ ಹೊಡೀದೆ ಇನ್ನೇನು. "ಕಸ್ಟಮರ್ ಫೋನ್ ಮಾಡಿ ಬಿಲ್‌ನಲ್ಲಿ ಹಳೇ ಜಿಎಸ್‌ಟಿ ನಂಬರ್ ಇದೆ ಅಂತಾರೆ, ತಿಂಗಳು ಬೇರೆ ಮುಗಿದಿದೆ, ಮೊದಲು ಏನು ಮಾಡ್ತೀರ?" ಅಂತ ಕೇಳಿ ನೋಡಿ. ಇದನ್ನ ಗ್ರೂಪಲ್ಲಿ ಚರ್ಚೆ ಮಾಡಿದ್ರೂ ಒಳ್ಳೇದೇ ಆಯ್ತಲ್ಲ, ಕಲಿತ್ರು.

ಟ್ರೈನಿಂಗ್ ಆಗಿ ಹದಿನೈದು ದಿನಕ್ಕೆ ಎಲ್ಲಾ ಮರೀತಾರೆ.

ಅದು ಅವರ ತಪ್ಪಲ್ಲ, ತಲೆ ಇರೋದೇ ಹಾಗೆ. 1885ರಲ್ಲೇ ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನೋರು ಮರೆವಿನ ಲೆಕ್ಕ ಬರೆದಿಟ್ರು. ಈಗಿನ ಸೇಲ್ಸ್ ಪಿಪಿಟಿಗಳಲ್ಲಿ ಒಂದೇ ದಿನದಲ್ಲಿ ಇಷ್ಟು ಪರ್ಸೆಂಟ್ ಮರೀತೀವಿ ಅಂತ ಗ್ರಾಫ್ ಹಾಕೋದು ಅವರದ್ದೇ, ಆದ್ರೆ ಅವರು ಪ್ರಯೋಗ ಮಾಡಿದ್ದು ತಮ್ಮ ಮೇಲೇನೇ, ಅದೂ ಅರ್ಥವಿಲ್ಲದ ಶಬ್ದಗಳನ್ನ ಬಾಯಿಪಾಠ ಮಾಡಿ. ನಿಮ್ಮ ವೆಲ್ಡರ್‌ಗೆ ಆ ಪರ್ಸೆಂಟ್ ಹಾಗೇ ಅನ್ವಯ ಆಗಲ್ಲ. ಬಿಡುವು ಕೊಟ್ಟು ಕೊಟ್ಟು ನೆನಪಿಸಿದ್ರೆ ಉಳಿಯತ್ತೆ ಅನ್ನೋದು ಮಾತ್ರ ಆಮೇಲೂ ಬೇಕಾದಷ್ಟು ಸಲ ಸಾಬೀತಾಗಿದೆ.

2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಇಬ್ಬರು ಒಂದು ಪ್ರಯೋಗ ಮಾಡಿದ್ರು. ಒಂದು ಗುಂಪು ಪಾಠನ ಮತ್ತೆ ಓದಿತು, ಇನ್ನೊಂದು ಗುಂಪು ಓದದೇ ನೆನಪು ಮಾಡ್ಕೊಂಡು ಬರೀತು. ಐದು ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಓದಿದೋರು ಮುಂದೆ, ವಾರ ಬಿಟ್ಟು ಕೇಳಿದ್ರೆ ನೆನಪು ಮಾಡ್ಕೊಂಡೋರು ಮುಂದೆ. ಇದನ್ನ ನಿಮ್ಮಲ್ಲಿ ಮಾಡೋಕೆ ಸಾಫ್ಟ್‌ವೇರ್ ಏನೂ ಬೇಡ. ಟ್ರೈನಿಂಗ್ ಆದ ಮೂರನೇ ದಿನ, ಆಮೇಲೆ ಹತ್ತನೇ ದಿನ, ಆಮೇಲೆ ತಿಂಗಳಿಗೆ ವಾಟ್ಸಾಪ್‌ನಲ್ಲಿ ಒಂದೊಂದೇ ಪ್ರಶ್ನೆ ಕಳ್ಸಿ. ಗುಡ್ ಮಾರ್ನಿಂಗ್ ಫೋಟೋ ಬರೋ ಗ್ರೂಪಲ್ಲಿ ಬೇಡ, ಅದಕ್ಕೇ ಅಂತ ಬೇರೆ ಮಾಡಿ.

ಕೆಲವ್ರು ನೋಡಿ ಕಲೀತಾರೆ, ಕೆಲವ್ರು ಕೇಳಿ ಕಲೀತಾರೆ ಅಂತಾರಲ್ಲ, ಎಲ್ರಿಗೂ ಬೇರೆ ಬೇರೆ ಮಾಡ್ಬೇಕಾ?

ಬೇಡ. 2008ರಲ್ಲಿ ಮನಶ್ಶಾಸ್ತ್ರಜ್ಞರ ಒಂದು ತಂಡ ಈ ಬಗೆಯ ಅಧ್ಯಯನಗಳನ್ನೆಲ್ಲಾ ಜಾಲಾಡಿ, ಹಾಗೆ ಬೇರೆ ಮಾಡಿ ಕಲಿಸಿದ್ರೆ ಲಾಭ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ಹೇಳಿತು. ವೈರಿಂಗ್ ಅಂದ್ರೆ ಎಲ್ರೂ ನೋಡೇ ಕಲೀಬೇಕು, ಫೋನಲ್ಲಿ ಮಾತಾಡೋದು ಅಂದ್ರೆ ಎಲ್ರೂ ಕೇಳೇ ಕಲೀಬೇಕು.

ವಿಆರ್ ಹೆಡ್‌ಸೆಟ್, ಗೇಮ್, ಬ್ಯಾಡ್ಜ್ ಇವೆಲ್ಲಾ?

ಎತ್ತರದಲ್ಲಿ ಕೆಲಸ, ಹೈ ವೋಲ್ಟೇಜ್, ಇಂಥ ನಿಜವಾಗಿ ಮಾಡಿ ನೋಡೋಕೆ ಅಪಾಯ ಇರೋದಕ್ಕೆ ವಿಆರ್ ಒಳ್ಳೇದು. ಮಿಕ್ಕಿದ್ದಕ್ಕೆ ಶೋಕಿ. ಬ್ಯಾಡ್ಜ್ ಮೊದಲ ವಾರ ಖುಷಿ, ಆಮೇಲೆ ಯಾರೂ ನೋಡಲ್ಲ.

ಪಾಶ್ (ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆ) ಟ್ರೈನಿಂಗ್ ಆನ್‌ಲೈನ್ ಮಾಡಿದ್ರೆ ನಡೆಯತ್ತಾ? ವರ್ಷಕ್ಕೊಂದು ವಿಡಿಯೋ ತೋರ್ಸಿದ್ರೆ ಮುಗೀತಲ್ಲ?

2013ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಎಂಪ್ಲಾಯರ್ ನಿಯಮಿತವಾಗಿ ವರ್ಕ್‌ಶಾಪ್, ಅರಿವು ಕಾರ್ಯಕ್ರಮ ಮಾಡ್ಬೇಕು, ದೂರು ವಿಚಾರಿಸೋ ಇಂಟರ್ನಲ್ ಕಮಿಟಿ ಸದಸ್ಯರಿಗೂ ಬೇರೆಯಾಗಿ ತರಬೇತಿ ಕೊಡ್ಬೇಕು. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ರೆ ಕಮಿಟಿ ಇರಲೇಬೇಕು, ಇಲ್ಲದಿದ್ರೆ ಐವತ್ತು ಸಾವಿರದವರೆಗೆ ದಂಡ. ವಿಡಿಯೋ ಎಲ್ರಿಗೂ ಒಂದೇ ಮಾಹಿತಿ ತಲುಪಿಸೋಕೆ ಸರಿ, ಅಲ್ಲಿಗೇ ನಿಲ್ಲಿಸ್ಬೇಡಿ. ರೆಡಿಮೇಡ್ ಕೋರ್ಸ್‌ಗಳಲ್ಲಿ ಎಲ್ಲಾ ಉದಾಹರಣೆನೂ ಏಸಿ ಆಫೀಸಿಂದೇ ಇರತ್ತೆ, ಗಾರ್ಮೆಂಟ್ಸ್ ಲೈನಲ್ಲಿ ಕೂತಿರೋ ಹೆಣ್ಮಗಳಿಗೆ ಅದು ತನ್ನ ವಿಷಯ ಅನ್ಸಲ್ಲ. ಕಮಿಟಿಯಲ್ಲಿ ಯಾರಿದಾರೆ, ಯಾವ ನಂಬರ್‌ಗೆ ಫೋನ್ ಮಾಡ್ಬೇಕು, ಹೇಳಿದ್ರೆ ಮುಂದೆ ಏನಾಗತ್ತೆ, ಇದನ್ನ ಒಬ್ರು ಎದುರು ನಿಂತು, ಮೈಕ್ ಇಲ್ಲದೇ, ಪ್ರಶ್ನೆಗೆ ಅವಕಾಶ ಕೊಟ್ಟು ಹೇಳ್ಬೇಕು.

ಫ್ರೀ ಕೋರ್ಸ್‌ಗಳು ಎಲ್ಲಿ ಸಿಗ್ತವೆ?

ಎನ್‌ಪಿಟಿಇಎಲ್ ನೋಡಿ, ಐಐಟಿಗಳೂ ನಮ್ಮ ಐಐಎಸ್‌ಸಿನೂ ಸೇರಿ 2003ರಲ್ಲಿ ಶುರು ಮಾಡಿದ್ದು, ಮೆಷಿನಿಂಗ್, ವೆಲ್ಡಿಂಗ್, ಕ್ವಾಲಿಟಿ ಬಗ್ಗೆ ಇರೋ ಪಾಠಗಳು ಡಿಪ್ಲೊಮಾ ಇಂಜಿನಿಯರ್‌ಗಳಿಗೆ ಬಹಳ ಉಪಯೋಗ. ನೋಡೋದು ಫ್ರೀ, ಸರ್ಟಿಫಿಕೇಟ್ ಎಕ್ಸಾಮ್‌ಗೆ ಮಾತ್ರ ಫೀಸು. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ಸ್ವಯಂ ಪೋರ್ಟಲ್ 2017ರಿಂದ ಇದೆ. ದರ್ಶಿನಿ, ಕ್ಯಾಂಟೀನ್ ನಡೆಸೋರು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಫಾಸ್ಟ್ಯಾಕ್ ಅನ್ನೋ ಟ್ರೈನಿಂಗ್ ವಿಚಾರಿಸಿ, ಆಹಾರ ಮುಟ್ಟೋ ಪ್ರತಿ 25 ಜನ ಕೆಲಸಗಾರರಿಗೆ ಒಬ್ಬ ಟ್ರೈನಿಂಗ್ ಆದ ಫುಡ್ ಸೇಫ್ಟಿ ಸೂಪರ್‌ವೈಸರ್ ಇರ್ಬೇಕು. ಕಂಪ್ನಿ ದುಡ್ಡಲ್ಲಿ ಉಡೆಮಿ, ಲಿಂಕ್ಡ್‌ಇನ್ ಲರ್ನಿಂಗ್ ಥರದ ಕೋರ್ಸ್ ಸೈಟ್‌ಗಳನ್ನ ಎಲ್ರಿಗೂ ಒಟ್ಟಿಗೆ ಕೊಡ್ಸೋದು ನನಗೆ ಸರಿ ಕಾಣಲ್ಲ, ಯಾರು ಯಾವ ಕೋರ್ಸ್ ಬೇಕು, ಯಾಕೆ ಬೇಕು ಅಂತ ಬಂದು ಕೇಳ್ತಾರೋ ಅವರಿಗೆ ಕೊಡ್ಸಿ.

ಬಸ್ಸಲ್ಲಿ ಮೆಟ್ರೋದಲ್ಲಿ ಹೇಗೂ ಟೈಮ್ ಇರತ್ತಲ್ಲ, ಆಗ ನೋಡ್ಲಿ ಅಂದ್ರೆ ತಪ್ಪಾ?

ಸಿಲ್ಕ್ ಬೋರ್ಡ್‌ನಲ್ಲಿ ಒಂದು ಕೈಲಿ ಕಂಬಿ ಹಿಡ್ಕೊಂಡು ನಿಂತಿರೋರಿಗೆ ಕಂಪ್ಲಯನ್ಸ್ (ಕಾನೂನು ನಿಯಮಗಳ) ಕೋರ್ಸ್ ನೋಡು ಅನ್ನೋದು ಅನ್ಯಾಯ. ಅವರಾಗೇ ನೋಡಿದ್ರೆ ಸಂತೋಷ. ಕಂಪ್ನಿ ಕಡ್ಡಾಯ ಮಾಡಿದ್ದು ಕಂಪ್ನಿ ಟೈಮಲ್ಲೇ ಆಗ್ಬೇಕು, ಭಾನುವಾರ ರಾತ್ರಿ ಹನ್ನೊಂದಕ್ಕೆ ಮ್ಯೂಟ್ ಮಾಡಿ ಪ್ಲೇ ಹಾಕಿ ಮಲಗಿದೋರೂ ನಿಮ್ಮ ರಿಪೋರ್ಟಲ್ಲಿ ನೂರಕ್ಕೆ ನೂರು ಅಂತಾನೇ ಕಾಣ್ತಾರೆ. ಶಿಫ್ಟಿನ ಮೊದಲ ಹತ್ತು ನಿಮಿಷ ಕೊಟ್ಟು ನೋಡಿ.

ಟ್ರೈನಿಂಗ್‌ನಿಂದ ಲಾಭ ಆಯ್ತಾ ಅಂತ ಓನರ್ ಕೇಳ್ತಾರೆ. ಏನ್ ತೋರ್ಸೋದು?

ಕಿರ್ಕ್‌ಪ್ಯಾಟ್ರಿಕ್ ಅನ್ನೋರು 1959ರಲ್ಲಿ ನಾಲ್ಕು ಹಂತ ಹೇಳಿದ್ರು: ಇಷ್ಟ ಆಯ್ತಾ, ಕಲಿತ್ರಾ, ಕೆಲಸದಲ್ಲಿ ಬದಲಾವಣೆ ಬಂತಾ, ಕಂಪ್ನಿಗೆ ಫಲ ಸಿಕ್ತಾ. ಎಲ್ರೂ ಮೊದಲನೇದಕ್ಕೆ ಸ್ಟಾರ್ ರೇಟಿಂಗ್ ತಗೊಂಡು ನಿಲ್ತಾರೆ, ಊಟ ಚೆನ್ನಾಗಿದ್ರೂ ಐದು ಸ್ಟಾರ್ ಬರತ್ತೆ.

ಇದನ್ನ ತಿರುಗಿಸಿ ಮಾಡಿ, ಕೊನೇದ್ರಿಂದ ಶುರು ಮಾಡಿ. ಕೋರ್ಸ್ ಮಾಡೋ ಮುಂಚೆನೇ ಓನರ್ ಹತ್ರ ಕೂತು ಕೇಳಿ, ಸರ್ ಯಾವ ತಪ್ಪು ಕಮ್ಮಿ ಆಗ್ಬೇಕು ಅಂತ. "ಎಲ್ರೂ ಅಪ್‌ಡೇಟ್ ಆಗ್ಬೇಕು" ಅಂದ್ರೆ ಅದನ್ನ ಅಳೆಯೋಕಾಗಲ್ಲ, ಮತ್ತೆ ಕೇಳಿ. "ಡಿಸ್ಪ್ಯಾಚ್‌ನಲ್ಲಿ ತಪ್ಪು ಲೇಬಲ್ ಹೋಗ್ತಿದೆ, ಮಾಲು ವಾಪಸ್ ಬರ್ತಿದೆ" ಅಂದ್ರೆ ಈಗ ಕೈಗೆ ಸಿಕ್ತು. ವಾಪಸ್ ಬಂದ ರಿಜಿಸ್ಟರ್ ತೆಗೆದು ಹೋದ ಮೂರು ತಿಂಗಳ ಲೆಕ್ಕ ಬರ್ಕೊಳ್ಳಿ. ಆಮೇಲೆ ಹೋಗಿ ಡಿಸ್ಪ್ಯಾಚ್‌ನಲ್ಲಿ ನಿಂತು ನೋಡಿ. ಎಷ್ಟೋ ಸಲ ಹುಡುಗರಿಗೆ ಗೊತ್ತಿಲ್ಲ ಅಂತ ಅಲ್ಲ, ಎರಡು ಪಾರ್ಟ್‌ನ ಲೇಬಲ್ ಒಂದೇ ಬಣ್ಣ, ಒಂದೇ ಟ್ರೇನಲ್ಲಿ ಇಟ್ಟಿರ್ತಾರೆ. ಹಾಗಿದ್ರೆ ಕೋರ್ಸೇ ಬೇಡ, ಟ್ರೇ ಬೇರೆ ಮಾಡಿ. ಗೊತ್ತಿಲ್ಲದೇ ಆಗ್ತಿದ್ರೆ ಮಾತ್ರ ಟ್ರೈನಿಂಗ್, ಆಮೇಲೆ ಮೂರು ತಿಂಗಳು ಬಿಟ್ಟು ಅದೇ ರಿಜಿಸ್ಟರ್ ಓನರ್ ಮುಂದೆ ಇಡಿ. ಯಾವ ಟೂಲ್ ತಗೋಬೇಕು ಅನ್ನೋದು ಈ ಮಾತುಕತೆ ಎಲ್ಲಾ ಆದ ಮೇಲಿನ ಪ್ರಶ್ನೆ, ಆದ್ರೆ ನನಗೆ ಬರೋ ಫೋನ್‌ಗಳಲ್ಲಿ ಮೊದಲನೇ ಪ್ರಶ್ನೆನೇ ಅದು.

ಟ್ರೈನಿಂಗ್ ಕೊಟ್ಟು ಬಾಂಡ್ ಬರೆಸ್ಕೊಳ್ಳಬಹುದಾ? ಬಿಟ್ಟು ಹೋಗ್ತಾರೆ ಸರ್.

2025ರ ಮೇನಲ್ಲಿ ವಿಜಯಾ ಬ್ಯಾಂಕ್ ಕೇಸಲ್ಲಿ ಸುಪ್ರೀಂ ಕೋರ್ಟ್ ಇದರ ಬಗ್ಗೆ ಹೇಳಿದೆ. ಮೂರು ವರ್ಷ ಕೆಲಸ ಮಾಡ್ಬೇಕು, ಮಧ್ಯೆ ಬಿಟ್ರೆ ಎರಡು ಲಕ್ಷ ಕೊಡ್ಬೇಕು ಅನ್ನೋ ಷರತ್ತನ್ನ ಕೋರ್ಟ್ ಎತ್ತಿ ಹಿಡಿಯಿತು, ಮೊದಲು ಕರ್ನಾಟಕ ಹೈಕೋರ್ಟ್ ಅದನ್ನ ಒಪ್ಪಿರಲಿಲ್ಲ. ಅದು ಸರ್ಕಾರಿ ಬ್ಯಾಂಕು, ಒಬ್ಬರು ಬಿಟ್ರೆ ಮತ್ತೆ ಜಾಹೀರಾತು ಕೊಟ್ಟು ನೇಮಕಾತಿ ಮಾಡ್ಬೇಕಾದ ಖರ್ಚನ್ನ ಕೋರ್ಟ್ ಲೆಕ್ಕಕ್ಕೆ ತಗೊಂಡಿದೆ. ಅದನ್ನ ತೋರ್ಸಿ ಯೂಟ್ಯೂಬ್ ಲಿಂಕ್ ಕಳಿಸಿದ್ದಕ್ಕೆ ಎರಡು ಲಕ್ಷ ಬಾಂಡ್ ಬರೆಸ್ಕೊಂಡ್ರೆ ನಿಲ್ಲತ್ತೆ ಅಂತ ಅನ್ಕೋಬೇಡಿ. ನಿಜವಾಗಿ ಖರ್ಚಾಗಿದ್ರೆ ಬಿಲ್ ಇಟ್ಕೊಳ್ಳಿ, ಮೊತ್ತ ಅದಕ್ಕೆ ತಕ್ಕ ಹಾಗಿರ್ಲಿ, ತಿಂಗಳು ಕಳೆದ ಹಾಗೆ ಇಳೀತಾ ಬರ್ಲಿ, ವಕೀಲರಿಗೆ ಒಂದ್ಸಲ ತೋರ್ಸಿ. ಮೂಲ ಸರ್ಟಿಫಿಕೇಟ್ ಮಾತ್ರ ಯಾರದ್ದೂ ಇಟ್ಕೋಬೇಡಿ. ಉದ್ಯೋಗಿಗಳಿಗೂ ಅದೇ ಮಾತು: ಸೈನ್ ಮಾಡೋ ಮುಂಚೆ ಪೂರ್ತಿ ಓದಿ, ಒಂದು ಕಾಪಿ ಇಸ್ಕೊಳ್ಳಿ.

ಕೆಲಸ ಬಿಟ್ಟೋರ ಎಲ್‌ಎಂಎಸ್ ಅಕೌಂಟ್ ಡಿಲೀಟ್ ಮಾಡಬಹುದಾ?

ತಕ್ಷಣ ಡಿಲೀಟ್ ಮಾಡ್ಬೇಡಿ, ಸಸ್ಪೆಂಡ್ ಮಾಡಿ. ಡಿಲೀಟ್ ಮಾಡಿದ್ರೆ ರಿಪೋರ್ಟಿಂದ ಅವರ ಹೆಸರು ಮಾಯ ಆಗತ್ತೆ, ಆಮೇಲೆ ಆಡಿಟರ್ ಬಂದು ಹೋದ ವರ್ಷ ಈ ಮಷಿನ್ ಓಡಿಸ್ತಿದ್ದೋರಿಗೆ ಟ್ರೈನಿಂಗ್ ಆಗಿತ್ತಾ ಅಂದ್ರೆ ತೋರ್ಸೋಕೆ ಏನೂ ಇರಲ್ಲ. ಮೊದಲು ಅವರ ರೆಕಾರ್ಡ್ ಎಕ್ಸೆಲ್‌ಗೆ ಇಳಿಸಿ ಇಡಿ. ಎಷ್ಟು ವರ್ಷ ಇಟ್ಕೋಬೇಕು ಅಂತ ಒಂದು ರೂಲ್ ಬರೆದಿಟ್ಟು, ಅದು ಮುಗಿದ ಮೇಲೆ ಅಳಿಸಿ. ಮತ್ತೆ ಬಿಲ್ ನೋಡ್ಕೊಳ್ಳಿ, ಕೆಲವು ಎಲ್‌ಎಂಎಸ್‌ಗಳು ಸಸ್ಪೆಂಡ್ ಆದ ಯೂಸರ್‌ನೂ ಲೆಕ್ಕಕ್ಕೆ ಹಿಡಿದು ದುಡ್ಡು ತಗೊಳ್ತವೆ, ಅಗ್ರಿಮೆಂಟ್ ಮಾಡೋವಾಗ್ಲೇ ಇದನ್ನ ಕೇಳಿ ಮೇಲ್‌ನಲ್ಲಿ ಉತ್ತರ ತಗೊಂಡಿರಿ.